ಮೈನಸ್ 17ರ ಚಳಿಯಲ್ಲಿ ಎಂಜಿನ್ ಬಿಸಿಯ ಕೆಂಪು ದೀಪ, ಅದೂ ಬೆಳಿಗ್ಗೆ ಮಾತ್ರ. ಕಾರಣ ಏನಿರಬಹುದು?

ಹಾವೇರಿ_ಟು_ಲೇಹ್
ಡಿಸೆಂಬರ್ 28, ರಾತ್ರಿ 8.40

ಎಲ್ಲರಿಗೂ ನಮಸ್ಕಾರ. ನಾನು ಹಾವೇರಿಯವನು. ಬ್ಯಾಂಕ್ ಉದ್ಯೋಗಿ, ಜುಲೈನಲ್ಲಿ ಲೇಹ್‌ಗೆ ವರ್ಗವಾಯಿತು. ಒಂಬತ್ತು ವರ್ಷ ಹಳೆಯ ಪೆಟ್ರೋಲ್ ಕಾರನ್ನು ಆಗಸ್ಟ್‌ನಲ್ಲಿ ಶ್ರೀನಗರದ ಮೇಲೆ ಇಲ್ಲಿಗೆ ಓಡಿಸಿಕೊಂಡು ಬಂದೆ. ಜೋಜಿಲಾ, ಫೋಟುಲಾ ಎರಡೂ ಘಟ್ಟಗಳನ್ನು ಸಾಮಾನು ಹೇರಿಕೊಂಡೇ ಹತ್ತಿತು, ಒಮ್ಮೆಯೂ ದೀಪ ಉರಿಯಲಿಲ್ಲ. ನನ್ನ ಕಾರಿನಲ್ಲಿ ಉಷ್ಣತೆಯ ಮುಳ್ಳು ಇಲ್ಲ. ಎಂಜಿನ್ ತಣ್ಣಗಿದ್ದಾಗ ನೀಲಿ ದೀಪ, ಅತಿಯಾಗಿ ಕಾದರೆ ಕೆಂಪು ದೀಪ, ಅಷ್ಟೇ.

ಮೊನ್ನೆ ಬೆಳಿಗ್ಗೆ ಹೊರಗೆ ಮೈನಸ್ 17 ಇತ್ತು. ಕಾರು ರಾತ್ರಿಯಿಡೀ ಬಯಲಿನಲ್ಲಿ ನಿಂತಿತ್ತು. ಸ್ಟಾರ್ಟ್ ಮಾಡಿದಾಗ ಬೆಲ್ಟ್ ಒಂದು ನಿಮಿಷ ಕಿರ್ ಎಂದು ಕಿರುಚಿತು, ಆಮೇಲೆ ಸುಮ್ಮನಾಯಿತು. ಹತ್ತು ನಿಮಿಷ ನಿಂತಲ್ಲೇ ಓಡಿಸಿ, ನೀಲಿ ದೀಪ ಆರಿದ ಮೇಲೆ ನಿಮ್ಮೂ ಎಂಬ ಊರಿನ ಕಡೆಗೆ ಹೊರಟೆ. ಪತ್ನಿ ಮತ್ತು ನಾಲ್ಕು ವರ್ಷದ ಮಗಳು ಹಿಂದಿನ ಸೀಟಿನಲ್ಲಿದ್ದರು. ಸಿಂಧೂ ಮತ್ತು ಝಂಸ್ಕಾರ್ ನದಿಗಳು ಸೇರುವ ಜಾಗವನ್ನು ಮಗಳಿಗೆ ತೋರಿಸಬೇಕೆಂದಿತ್ತು. ಸ್ಪಿತುಕ್ ದಾಟಿ, ಫ್ಯಾಂಗ್‌ಗೆ ತಿರುಗುವ ರಸ್ತೆ ಇನ್ನೂ ಬಂದಿರಲಿಲ್ಲ, ಕೆಂಪು ದೀಪ ಹೊತ್ತಿಕೊಂಡಿತು. ಒಳಗೆ ಹೀಟರ್ ಮಾತ್ರ ಬೆಂಕಿಯಂತೆ ಬಿಸಿ ಗಾಳಿ ಬಿಡುತ್ತಿತ್ತು. ಪಕ್ಕಕ್ಕೆ ನಿಲ್ಲಿಸಿ ಬಾನೆಟ್ ಎತ್ತಿದೆ. ಫ್ಯಾನ್ ಬಿಡದೆ ತಿರುಗುತ್ತಿತ್ತು. ರಿಸರ್ವ್ ಬಾಟಲಿಯ ಮುಚ್ಚಳದಿಂದ ಆವಿ ಬರುತ್ತಿತ್ತು. ರೇಡಿಯೇಟರ್‌ನ ಮೇಲಿನ ಹೋಸ್ ಪೈಪ್ ಮುಟ್ಟಲಾಗದಷ್ಟು ಬಿಸಿ. ಕೆಳಗಿನ ಪೈಪ್ ಕೈಗವಸಿನ ಮೇಲೂ ತಣ್ಣಗೆ ಗೊತ್ತಾಗುತ್ತಿತ್ತು.

ಎಂಜಿನ್ ಆರಿಸಿ, ಬಾನೆಟ್ ಮುಚ್ಚಿ, ಮುಕ್ಕಾಲು ಗಂಟೆ ಕಾದು ನಿಧಾನವಾಗಿ ಮನೆಗೆ ಬಂದೆವು. ದೀಪ ಮತ್ತೆ ಉರಿಯಲಿಲ್ಲ. ಅದೇ ದಿನ ಮಧ್ಯಾಹ್ನ ಬಿಸಿಲಿನಲ್ಲಿ ಪೇಟೆಯೆಲ್ಲ ಸುತ್ತಿದೆ, ಏನೂ ಇಲ್ಲ. ನಿನ್ನೆ ಬೆಳಿಗ್ಗೆ ಒಬ್ಬನೇ ಹೊರಟೆ, ಮತ್ತೆ ಹತ್ತಿರ ಹತ್ತಿರ ಅದೇ ಜಾಗದಲ್ಲಿ ಕೆಂಪು ದೀಪ.

ಇಲ್ಲಿನ ಒಬ್ಬ ಮೆಕ್ಯಾನಿಕ್ ಥರ್ಮೋಸ್ಟಾಟ್ ಕಿತ್ತು ಬಿಸಾಡಿ ಎನ್ನುತ್ತಾನೆ. ಇನ್ನೊಬ್ಬ ಹೆಡ್ ಗ್ಯಾಸ್ಕೆಟ್ (ಎಂಜಿನ್‌ನ ಬ್ಲಾಕ್ ಮತ್ತು ಅದರ ಮೇಲಿನ ಹೆಡ್ ನಡುವಿನ ಪದರ) ಹೋಗಿದೆ, ಎಂಜಿನ್ ಬಿಚ್ಚಬೇಕು ಎನ್ನುತ್ತಾನೆ. ಕೂಲಂಟ್ (ಎಂಜಿನ್ ತಂಪಿಡಲು ನೀರಿಗೆ ಬೆರೆಸುವ ದ್ರವ) ಹಸಿರಾಗಿಯೇ ಇದೆ, ಬಾಟಲಿಯಲ್ಲಿ ಮಟ್ಟವೂ ಸರಿಯಾಗಿತ್ತು. ಇಷ್ಟು ಚಳಿಯಲ್ಲಿ ಎಂಜಿನ್ ಹೇಗೆ ಕಾಯುತ್ತದೆ ಎಂಬುದೇ ನನಗೆ ಅರ್ಥವಾಗುತ್ತಿಲ್ಲ. ವಾರಕ್ಕೆ ಎರಡು ದಿನ ಕೆಲಸದ ಮೇಲೆ ಆ ರಸ್ತೆಯಲ್ಲೇ ಹೋಗಬೇಕು. ತಿಳಿದವರು ದಯವಿಟ್ಟು ಹೇಳಿ.

ಕಾಫಿತೋಟ_ಮೂಡಿಗೆರೆ
ಡಿಸೆಂಬರ್ 28, ರಾತ್ರಿ 9.15

ಸರ್, ಎಂಜಿನ್ ಬಿಚ್ಚಿಸುವ ಮೊದಲು ದೀಪ ನಿಜ ಹೇಳುತ್ತಿದೆಯೇ ಎಂದು ನೋಡಿಕೊಳ್ಳಿ. ಸ್ಟಿಯರಿಂಗ್ ಕೆಳಗೆ ಓಬಿಡಿ ಸಾಕೆಟ್ ಇರುತ್ತದೆ. ಅದಕ್ಕೆ ಸಿಕ್ಕಿಸುವ ಬ್ಲೂಟೂತ್ ರೀಡರ್ ಕಡಿಮೆ ಬೆಲೆಗೆ ಸಿಗುತ್ತದೆ, ಮೊಬೈಲಿನಲ್ಲಿ ಕೂಲಂಟ್‌ನ ಉಷ್ಣತೆಯನ್ನು ಡಿಗ್ರಿಯಲ್ಲೇ ಓದಬಹುದು. ರಾತ್ರಿಯಿಡೀ ನಿಂತ ಕಾರಿನಲ್ಲಿ ಸ್ಟಾರ್ಟ್ ಮಾಡುವ ಮೊದಲು ಕೀ ಮಾತ್ರ ತಿರುಗಿಸಿ ನೋಡಿ. ಕೂಲಂಟ್ ಉಷ್ಣತೆ ಮತ್ತು ಎಂಜಿನ್ ಎಳೆದುಕೊಳ್ಳುವ ಗಾಳಿಯ ಉಷ್ಣತೆ ಹೆಚ್ಚುಕಡಿಮೆ ಒಂದೇ ಇರಬೇಕು. ಗಾಳಿ ಮೈನಸ್ 15 ಎಂದು ತೋರಿಸಿ ಕೂಲಂಟ್ ಪ್ಲಸ್ 20 ಎಂದರೆ ಸೆನ್ಸರ್ ಅಥವಾ ಅದರ ವೈರು ಕೆಟ್ಟಿದೆ. ನಮ್ಮ ತೋಟದ ಜೀಪಿನಲ್ಲಿ ಇಲಿ ಕಡಿದ ವೈರಿನಿಂದ ಹೀಗೇ ಆಗಿತ್ತು. ಆದರೆ ನಿಮ್ಮ ಕಾರಿನಲ್ಲಿ ಆವಿ ಬಂದಿದೆ, ಪೈಪ್ ಕೈ ಸುಡುವಷ್ಟು ಕಾದಿದೆ ಎಂದರೆ ಬಿಸಿ ನಿಜವೇ ಇರಬೇಕು ಅನಿಸುತ್ತದೆ.

ವಿನ್ನಿಪೆಗ್_ಕನ್ನಡತಿ
ಡಿಸೆಂಬರ್ 28, ರಾತ್ರಿ 10.50

ಕೆನಡಾದ ಚಳಿಯಲ್ಲಿ ಹನ್ನೊಂದು ವರ್ಷದಿಂದ ಕಾರು ಓಡಿಸುತ್ತಿದ್ದೇನೆ. ಒಂದು ಜನವರಿಯಲ್ಲಿ ನನಗೂ ಹೀಗಾಗಿತ್ತು, ಆದರೆ ಒಂದು ವ್ಯತ್ಯಾಸವಿದೆ. ಹೆದ್ದಾರಿಯಲ್ಲಿ ಹೋಗುತ್ತಿದ್ದಾಗ ಮೊದಲು ಹೀಟರ್ ತಣ್ಣಗಿನ ಗಾಳಿ ಊದತೊಡಗಿತು. ಎರಡು ನಿಮಿಷದ ನಂತರ ಮುಳ್ಳು ಮೇಲೇರಿತು. ವಾಟರ್ ಪಂಪ್ ಸೋರಿ ಕೂಲಂಟ್ ಕಡಿಮೆಯಾಗಿತ್ತು. ಹೀಟರ್‌ನ ಪುಟ್ಟ ರೇಡಿಯೇಟರ್ ಎತ್ತರದಲ್ಲಿರುವುದರಿಂದ ನೀರು ಇಳಿದರೆ ಮೊದಲು ಬರಿದಾಗುವುದು ಅದೇ. ನಿಮ್ಮ ಹೀಟರ್ ಬಿಸಿಯಾಗಿಯೇ ಇತ್ತು ಎನ್ನುತ್ತೀರಿ. ಹಾಗಾದರೆ ಪಂಪ್ ನೀರು ತಳ್ಳುತ್ತಿದೆ, ನೀರೂ ಇದೆ. ದಾರಿ ಬೇರೆಲ್ಲೋ ಕಟ್ಟಿದೆ.

ಇನ್ನೊಂದು ಪ್ರಶ್ನೆ. ಗ್ರಿಲ್‌ಗೆ ರಟ್ಟು ಕಟ್ಟಿದ್ದೀರಾ? ಚಳಿ ತಡೆಯಲು ಕಟ್ಟಿ, ತೆಗೆಯಲು ಮರೆತು ಎಂಜಿನ್ ಕಾಯಿಸಿಕೊಂಡವರು ಇಲ್ಲೂ ಇದ್ದಾರೆ.

ನಿವೃತ್ತ_ಇಎಂಇ_ಬೈಲಹೊಂಗಲ
ಡಿಸೆಂಬರ್ 29, ಬೆಳಿಗ್ಗೆ 5.30

ತಮ್ಮಾ, ಮೊದಲು ಒಂದು ಮಾತು. ಇವತ್ತು ಬೆಳಿಗ್ಗೆ ಆ ಕಾರನ್ನು ಸ್ಟಾರ್ಟ್ ಮಾಡಬೇಡ. ಮಗುವನ್ನು ಕೂರಿಸಿಕೊಂಡಂತೂ ಆ ರಸ್ತೆಗೆ ಇಳಿಯಲೇಬೇಡ. ಇನ್ನು ಉಳಿದದ್ದನ್ನು ಸಾವಕಾಶವಾಗಿ ಓದು.

ಸೇನೆಯ ವಾಹನ ದುರಸ್ತಿ ವಿಭಾಗದಲ್ಲಿ 26 ವರ್ಷ ಇದ್ದೆ. ಅದರಲ್ಲಿ ಐದು ಚಳಿಗಾಲ ಲಡಾಖ್‌ನಲ್ಲಿ ಕಳೆದಿದ್ದೇನೆ. ನೀನು ಬರೆದಿರುವುದರಲ್ಲೇ ಉತ್ತರವಿದೆ. ನಿನ್ನ ರೇಡಿಯೇಟರ್ ಒಳಗೆ ನೀರು ಹೆಪ್ಪುಗಟ್ಟುತ್ತಿದೆ.

ಹೇಗೆಂದು ಹೇಳುತ್ತೇನೆ. ಥರ್ಮೋಸ್ಟಾಟ್ ಎಂಬುದು ಮೇಣ ತುಂಬಿದ ಒಂದು ಬಾಗಿಲು. ನೀರು ಸುಮಾರು 82ರಿಂದ 88 ಡಿಗ್ರಿ ಕಾಯುವ ತನಕ ಅದು ತೆರೆಯುವುದಿಲ್ಲ. ಅಲ್ಲಿಯವರೆಗೆ ನೀರು ಎಂಜಿನ್ ಮತ್ತು ಹೀಟರ್ ನಡುವೆ ಮಾತ್ರ ಸುತ್ತುತ್ತದೆ. ರೇಡಿಯೇಟರ್‌ನೊಳಗಿನ ನೀರು ನಿಂತ ನೀರು. ಅದು ರಾತ್ರಿಯೆಲ್ಲ ಹೆಪ್ಪಾಗಿರುತ್ತದೆ. ಬೆಳಿಗ್ಗೆ ನೀನು ಗಂಟೆಗೆ 40–50 ಕಿಲೋಮೀಟರ್ ವೇಗದಲ್ಲಿ ಹೊರಟರೆ ಮೈನಸ್ 17ರ ಗಾಳಿ ಅದರ ಮೇಲೆ ಬೀಸಿ ಇನ್ನಷ್ಟು ಗಟ್ಟಿ ಮಾಡುತ್ತದೆ. ಎಂಜಿನ್ ಕಾದು ಬಾಗಿಲು ತೆರೆಯಿತು, ಬಿಸಿನೀರು ಮೇಲಿನ ಪೈಪಿಗೆ ಬಂತು, ಆದರೆ ಮುಂದೆ ಹೋಗಲು ದಾರಿಯಿಲ್ಲ. ಎಂಜಿನ್ ಕುದಿಯುತ್ತದೆ. ಕುದಿಯಿತೆಂದು ಫ್ಯಾನ್ ಶುರುವಾಗುತ್ತದೆ, ಅದು ತಣ್ಣನೆ ಗಾಳಿ ಎಳೆದು ಮಂಜುಗಡ್ಡೆಗೆ ಇನ್ನಷ್ಟು ಬಲ ಕೊಡುತ್ತದೆ. ಒಂದೇ ಬಾನೆಟ್‌ನ ಕೆಳಗೆ ಒಂದು ಕಡೆ ಕುದಿ, ಒಂದು ಕಡೆ ಹಿಮ.

ಈಗ ನಿನ್ನ ಇಬ್ಬರು ಮೆಕ್ಯಾನಿಕ್‌ಗಳ ಮಾತಿಗೆ ಬರೋಣ. ಥರ್ಮೋಸ್ಟಾಟ್ ಮುಚ್ಚಿದಂತೆ ಸಿಕ್ಕಿಕೊಂಡಿದ್ದರೆ ಮಧ್ಯಾಹ್ನವೂ ದೀಪ ಉರಿಯಬೇಕಿತ್ತು. ಅದು ಮೇಲಿನ ಪೈಪಿನ ಬಾಯಲ್ಲಿ ಕೂರುವ ಎಂಜಿನ್ ಆಗಿದ್ದರೆ ಆ ಪೈಪೂ ಅಷ್ಟು ಕಾಯುತ್ತಿರಲಿಲ್ಲ. ಅದನ್ನು ಕಿತ್ತು ಬಿಸಾಡಿದರೆ ನೀರು ಮೊದಲಿನಿಂದಲೇ ರೇಡಿಯೇಟರ್‌ನಲ್ಲಿ ಓಡಾಡಿ ದೀಪ ಉರಿಯದೆ ಇರಬಹುದು, ಅದಕ್ಕೇ ಆ ಹುಡುಗ ಹಾಗೆ ಹೇಳುತ್ತಾನೆ. ಆದರೆ ಆ ಎಂಜಿನ್ ಮತ್ತೆಂದೂ ಸರಿಯಾಗಿ ಬಿಸಿಯಾಗುವುದಿಲ್ಲ. ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಉರಿಯದ ಪೆಟ್ರೋಲ್ ಆಯಿಲ್‌ಗೆ ಇಳಿಯುತ್ತದೆ, ಹೀಟರ್ ಇಲ್ಲದೆ ಮಗಳು ನಡುಗುತ್ತಾಳೆ. ಮೂಲ ರೋಗ ಅಲ್ಲೇ ಇರುತ್ತದೆ. ಹೆಡ್ ಗ್ಯಾಸ್ಕೆಟ್ ಹೋಗಿದ್ದರೆ ಬಾಟಲಿಯಲ್ಲಿ ಸದಾ ಗುಳ್ಳೆ ಏಳುತ್ತದೆ, ಸೈಲೆನ್ಸರ್‌ನಿಂದ ಎಂಜಿನ್ ಕಾದ ಮೇಲೂ ಸಿಹಿ ವಾಸನೆಯ ಬಿಳಿ ಹೊಗೆ ಬರುತ್ತದೆ, ಅದಕ್ಕೆ ಹೊತ್ತು ಗೊತ್ತು ಇರುವುದಿಲ್ಲ. ನಿನ್ನ ತೊಂದರೆ ಬಿಸಿಲು ಬಂದೊಡನೆ ಮಾಯವಾಗುತ್ತಿದೆ. ಬಿಸಿಲಿಗೆ ವಾಸಿಯಾಗುವ ಎಂಜಿನ್ ರೋಗ ನನಗೆ ತಿಳಿದಂತೆ ಇದೊಂದೇ. ಬೆಲ್ಟ್ ಕಿರುಚಿದ್ದು ಕೂಡ ಇದಕ್ಕೇ. ಪಂಪಿನೊಳಗೆ ಅರ್ಧ ಹೆಪ್ಪಾದ ನೀರು, ಅದನ್ನು ತಿರುಗಿಸಲಾರದೆ ಬೆಲ್ಟ್ ಜಾರಿದೆ.

ಬಣ್ಣ ಹಸಿರಿದೆ ಎಂದು ನಂಬಬೇಡ. ಬಣ್ಣ ಎಷ್ಟು ನೀರು ಬೆರೆಸಿದರೂ ಉಳಿಯುತ್ತದೆ. ನಮ್ಮ ಊರ ಕಡೆ ನೀರು ಕಡಿಮೆಯಾದಾಗಲೆಲ್ಲ ಕೊಳವೆಬಾವಿ ನೀರು ಸುರಿಯುತ್ತಾರೆ. ಹಾವೇರಿಯಲ್ಲಿ ಅದರಿಂದ ಏನೂ ಗೊತ್ತಾಗುವುದಿಲ್ಲ. ಕೂಲಂಟ್ ಮತ್ತು ನೀರು ಅರ್ಧಕ್ಕರ್ಧ ಇದ್ದರೆ ಮೈನಸ್ 37ರವರೆಗೆ ಹೆಪ್ಪುಗಟ್ಟುವುದಿಲ್ಲ. ಐದರಲ್ಲಿ ಒಂದು ಪಾಲಿಗೆ ಇಳಿದರೆ ಮೈನಸ್ 8–9ಕ್ಕೇ ಹರಳು ಕಟ್ಟಲು ಶುರು.

ಒಂದು ಪರೀಕ್ಷೆ ಹೇಳುತ್ತೇನೆ, ಖರ್ಚಿಲ್ಲ. ಎಂಜಿನ್ ಪೂರ್ತಿ ತಣ್ಣಗಿರುವಾಗ ರೇಡಿಯೇಟರ್ ಕ್ಯಾಪ್ ತೆಗೆದು ಒಂದು ಲೋಟದಷ್ಟು ನೀರು ಹೊರತೆಗೆ. ಅಡುಗೆಮನೆಯ ಲೋಟ ಬೇಡ, ಬಿಸಾಡುವ ಪ್ಲಾಸ್ಟಿಕ್ ಬಾಟಲಿ ಕತ್ತರಿಸಿಕೊ. ರಾತ್ರಿ ಹೊರಗಿಡು, ಬೆಳಿಗ್ಗೆ ನೋಡು. ಆ ನೀರು ರುಚಿಗೆ ಸಿಹಿ, ಹೊಟ್ಟೆಗೆ ವಿಷ. ಮಗು ಮತ್ತು ಬೀದಿನಾಯಿಗಳ ಕೈಗೆ ಬಾಯಿಗೆ ಸಿಗದಂತೆ ಮೇಲೆ ಭಾರ ಇಟ್ಟು ಮುಚ್ಚು. ಲೇಹ್‌ನ ನಾಯಿಗಳಿಗೆ ಚಳಿಗಾಲದಲ್ಲಿ ಕುಡಿಯಲು ನೀರು ಸಿಗುವುದೇ ಕಷ್ಟ, ಕಂಡರೆ ಖಂಡಿತ ನೆಕ್ಕುತ್ತವೆ.

ಹಾವೇರಿ_ಟು_ಲೇಹ್
ಡಿಸೆಂಬರ್ 30, ಬೆಳಿಗ್ಗೆ 8.05

ಸಾಹೇಬರೇ, ನೀವು ಹೇಳಿದಂತೆಯೇ ಮಾಡಿದೆ. ನಿನ್ನೆ ರಾತ್ರಿ ಬಾಟಲಿಯ ತಳಭಾಗದಲ್ಲಿ ನಾಲ್ಕು ಬೆರಳಿನಷ್ಟು ನೀರು ತುಂಬಿ, ಮಹಡಿಯ ಮೇಲೆ ಇಟ್ಟು, ಮೇಲೆ ಬಕೆಟ್ ಬೋರಲು ಹಾಕಿ ಕಲ್ಲು ಹೇರಿದ್ದೆ. ಬೆಳಿಗ್ಗೆ ಆರೂವರೆಗೆ ನೋಡಿದೆ, ಮೈನಸ್ 16 ಇತ್ತು.

ಬಾಟಲಿಯನ್ನು ಓರೆ ಮಾಡಿದರೆ ನೀರು ಅಲುಗಲಿಲ್ಲ. ಅಂಚಿನ ಸುತ್ತ ಬಿಳಿ ಮಂಜುಗಡ್ಡೆ, ನಡುವೆ ಎಳನೀರಿನ ಗಂಜಿಯಂತೆ ಮೆತ್ತಗಿನ ಹಸಿರು. ಕಡ್ಡಿಯಿಂದ ಚುಚ್ಚಿದೆ. ಅಂಚಿನಲ್ಲಿ ಕಡ್ಡಿ ಇಳಿಯಲಿಲ್ಲ, ನಡುವೆ ಸರಕ್ಕನೆ ಇಳಿಯಿತು. ಅಂಚು ಬಹುತೇಕ ಬಣ್ಣವಿಲ್ಲದೆ ಬೆಳ್ಳಗಿತ್ತು, ಬಣ್ಣವೆಲ್ಲ ನಡುವಿನ ಗಂಜಿಗೆ ಹೋಗಿ ಸೇರಿತ್ತು. ಐದು ತಿಂಗಳಿಂದ ನನ್ನ ಎಂಜಿನ್‌ನಲ್ಲಿ ಏನಿದೆ ಎಂದು ಕಣ್ಣಾರೆ ಕಂಡೆ. ಕೈ ನಡುಗಿತು, ಚಳಿಗೆ ಮಾತ್ರವಲ್ಲ.

ನೆನಪಾಯಿತು. ಕಳೆದ ಎರಡು ಬೇಸಿಗೆಯಲ್ಲಿ ಮಟ್ಟ ಇಳಿಯುತ್ತಿತ್ತು. ರಾಣೆಬೆನ್ನೂರು ರಸ್ತೆಯ ಗ್ಯಾರೇಜ್ ಒಂದರಲ್ಲಿ ಪ್ರತಿ ಸಲ ಬಿಂದಿಗೆಯ ನೀರನ್ನೇ ಸುರಿದರು. ನಾನು ಪಕ್ಕದಲ್ಲೇ ನಿಂತಿದ್ದೆ, ಕೇಳಲಿಲ್ಲ.

ವಿನ್ನಿಪೆಗ್ ಅಕ್ಕನವರೇ, ರಟ್ಟು ಕಟ್ಟಿಲ್ಲ. ಮೂಡಿಗೆರೆಯವರೇ, ಇಲ್ಲಿ ಒಬ್ಬರ ಬಳಿ ರೀಡರ್ ಇತ್ತು. ಕೀ ತಿರುಗಿಸಿದಾಗ ಗಾಳಿ ಮೈನಸ್ 14, ಕೂಲಂಟ್ ಮೈನಸ್ 13. ಸೆನ್ಸರ್ ಸರಿಯಿದೆ.

ಈಗ ಏನು ಮಾಡಲಿ? ಬಿಸಿನೀರು ಸುರಿದು ಕರಗಿಸಬಹುದೇ?

ನಿವೃತ್ತ_ಇಎಂಇ_ಬೈಲಹೊಂಗಲ
ಡಿಸೆಂಬರ್ 30, ಬೆಳಿಗ್ಗೆ 9.00

ಬಿಸಿನೀರು ಬೇಡವೇ ಬೇಡ. ಹೆಪ್ಪಾದ ಅಲ್ಯೂಮಿನಿಯಂ ಮೇಲೆ ಕುದಿನೀರು ಬಿದ್ದರೆ ಸೀಳು ಬಿಡುತ್ತದೆ. ಅಲ್ಲಿನ ಲಾರಿಯವರು ಡೀಸೆಲ್ ಟ್ಯಾಂಕಿನ ಕೆಳಗೆ ಬೆಂಕಿ ಹಾಕುವುದನ್ನು ನೀನು ನೋಡಿರುತ್ತೀ. ಅದನ್ನು ಪೆಟ್ರೋಲ್ ಕಾರಿಗೆ ಮಾಡಲು ಹೋಗಬೇಡ. ಕಾರಿನ ಮುಖವನ್ನು ದಕ್ಷಿಣಕ್ಕೆ ತಿರುಗಿಸಿ, ಬಾನೆಟ್ ಮೇಲೆ ಕಪ್ಪು ಕಂಬಳಿ ಹೊದಿಸಿ, ಮಧ್ಯಾಹ್ನ ಎರಡು ಗಂಟೆಯವರೆಗೆ ಬಿಸಿಲಿಗೆ ಬಿಡು. ಮುಚ್ಚಿದ ಶೆಡ್ ಸಿಕ್ಕರೆ ಇನ್ನೂ ಒಳ್ಳೆಯದು. ಕೆಳಗಿನ ಪೈಪ್ ಹಿಚುಕಿದಾಗ ಒಳಗೆ ಮರಳಿನಂತೆ ಕರಕರ ಎನ್ನದಿದ್ದರೆ ಕರಗಿದೆ ಎಂದು ತಿಳಿ.

ಕರಗಿದ ಮೇಲೆ ಮೊದಲ ಕೆಲಸ ಸೋರಿಕೆ ಹುಡುಕುವುದು. ನೀರು ಮಂಜುಗಡ್ಡೆಯಾದರೆ ಶೇಕಡಾ 9ರಷ್ಟು ಹಿಗ್ಗುತ್ತದೆ, ಆ ಬಲಕ್ಕೆ ಎರಕದ ಕಬ್ಬಿಣದ ಬ್ಲಾಕ್ ಕೂಡ ಒಡೆಯುತ್ತದೆ. ನಿನ್ನದು ಕಲ್ಲಾಗದೆ ಗಂಜಿಯಾಗಿದ್ದು ಉಳಿದಿದ್ದ ಆ ಸ್ವಲ್ಪ ಕೂಲಂಟ್‌ನ ಪುಣ್ಯ. ಆದರೂ ರೇಡಿಯೇಟರ್‌ನ ಕೊಳವೆಗಳು, ಬ್ಲಾಕ್‌ನ ಪಕ್ಕದಲ್ಲಿರುವ ನಾಣ್ಯದಾಕಾರದ ತಗಡಿನ ಬಿರಡೆಗಳು, ಪಂಪಿನ ಕೆಳಗಿನ ಸಣ್ಣ ತೂತು ಎಲ್ಲವನ್ನೂ ಟಾರ್ಚ್ ಹಿಡಿದು ನೋಡು. ಕೆಳಗೆ ಹಳೆಯ ಪತ್ರಿಕೆ ಹಾಸಿದರೆ ಒಂದು ಹನಿ ಬಿದ್ದರೂ ತಿಳಿಯುತ್ತದೆ.

ನಂತರ ಹಳೆಯ ನೀರನ್ನು ಡಬ್ಬಿಗೆ ಇಳಿಸು, ನೆಲಕ್ಕೆ ಚೆಲ್ಲಬೇಡ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು ತುಂಬಿ, ಎಂಜಿನ್ ಬಿಸಿ ಮಾಡಿ, ಮತ್ತೆ ಇಳಿಸು. ಇದನ್ನು ಬಿಸಿಲಿನ ಹೊತ್ತಿನಲ್ಲೇ ಮುಗಿಸು. ಬರೀ ನೀರು ತುಂಬಿದ ಎಂಜಿನ್‌ನೊಂದಿಗೆ ಸೂರ್ಯ ಮುಳುಗಬಾರದು.

ಲೆಕ್ಕ ಇಲ್ಲಿ ತಪ್ಪುತ್ತದೆ, ಗಮನವಿಟ್ಟು ಓದು. ರೇಡಿಯೇಟರ್ ಖಾಲಿ ಮಾಡಿದರೂ ಬ್ಲಾಕ್ ಮತ್ತು ಹೀಟರ್‌ನಲ್ಲಿ ನೀರು ಉಳಿಯುತ್ತದೆ. ಕೈಪಿಡಿಯಲ್ಲಿ ಒಟ್ಟು 4 ಲೀಟರ್ ಎಂದಿದ್ದು, ನೀನು ಇಳಿಸಿದ್ದು ಎರಡೂವರೆ ಲೀಟರ್ ಎಂದರೆ ಒಂದೂವರೆ ಲೀಟರ್ ಬರೀ ನೀರು ಒಳಗೇ ಇದೆ. ಅದರ ಮೇಲೆ ಅಂಗಡಿಯಲ್ಲಿ ಸಿಗುವ ಮೊದಲೇ ನೀರು ಬೆರೆಸಿದ ಕೂಲಂಟ್ ಸುರಿದರೆ ಮತ್ತೆ ತೆಳುವಾಗುತ್ತದೆ. ನೀರು ಬೆರೆಸದ ಗಟ್ಟಿ ಕೂಲಂಟನ್ನೇ ತೆಗೆದುಕೊ. 2.2 ಲೀಟರ್ ಅದನ್ನು ಹಾಕಿ ಉಳಿದ ಜಾಗಕ್ಕೆ ಡಿಸ್ಟಿಲ್ಡ್ ನೀರು ಸೇರಿಸಿದರೆ ಶೇಕಡಾ 55 ಆಗುತ್ತದೆ. ಹಾಗೆಂದು ಪೂರ್ತಿ ಗಟ್ಟಿ ಕೂಲಂಟನ್ನೇ ತುಂಬಬೇಡ. ಕೂಲಂಟ್‌ನಲ್ಲಿರುವ ಮುಖ್ಯ ದ್ರವ ಗ್ಲೈಕಾಲ್, ನೀರಿಲ್ಲದಿದ್ದರೆ ಅದು ಮೈನಸ್ 13ರ ಆಸುಪಾಸಿನಲ್ಲೇ ಹೆಪ್ಪುಗಟ್ಟುತ್ತದೆ. ಎರಡೂ ಸೇರಿದಾಗಲೇ ಅದಕ್ಕೆ ಚಳಿ ತಡೆಯುವ ಶಕ್ತಿ.

ಕ್ಯಾಪ್ ಕೂಡ ಬದಲಿಸು. ಲೇಹ್ ಇರುವುದು ಮೂರೂವರೆ ಸಾವಿರ ಮೀಟರ್ ಎತ್ತರದಲ್ಲಿ. ಅಲ್ಲಿ ತೆರೆದ ಪಾತ್ರೆಯ ನೀರು 88 ಡಿಗ್ರಿಗೇ ಕುದಿಯುತ್ತದೆ, ನಿನ್ನ ಮನೆಯಲ್ಲಿ ಕುಕ್ಕರ್ ಇಲ್ಲದೆ ಬೇಳೆ ಬೇಯದಿರುವುದು ಅದಕ್ಕೇ. ರೇಡಿಯೇಟರ್ ಕ್ಯಾಪ್ ಮಾಡುವುದೂ ಕುಕ್ಕರಿನ ಕೆಲಸವನ್ನೇ. ಒಳಗೆ ಒತ್ತಡ ಹಿಡಿದಿಟ್ಟು ನೀರು ಕುದಿಯದಂತೆ ನೋಡಿಕೊಳ್ಳುತ್ತದೆ. ಅದರ ರಬ್ಬರ್ ಬಿರಿದಿದ್ದರೆ ಥರ್ಮೋಸ್ಟಾಟ್ ತೆರೆಯುವ ಹೊತ್ತಿಗೇ ನೀರು ಕುದಿಯತೊಡಗುತ್ತದೆ.

ತುಂಬುವಾಗ ಕಾರಿನ ಮುಂಭಾಗ ಏರಿನಲ್ಲಿರಲಿ, ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿರಲಿ, ಗುಳ್ಳೆ ನಿಲ್ಲುವವರೆಗೆ ಕ್ಯಾಪ್ ಹಾಕಬೇಡ. ಗಾಳಿ ಸಿಕ್ಕಿಕೊಂಡರೆ ಕೆಂಪು ದೀಪ ಮತ್ತೆ ಬರುತ್ತದೆ, ಆಗ ನೀನು ಇಷ್ಟೆಲ್ಲ ಮಾಡಿಯೂ ರೋಗ ಹೋಗಲಿಲ್ಲ ಎಂದು ಗಾಬರಿಯಾಗುತ್ತೀ.

ವಿನ್ನಿಪೆಗ್_ಕನ್ನಡತಿ
ಡಿಸೆಂಬರ್ 30, ರಾತ್ರಿ 11.20

ಸಾಧ್ಯವಾದರೆ ರಿಫ್ರಾಕ್ಟೋಮೀಟರ್ ಇರುವವರನ್ನು ಹುಡುಕಿ. ಬೆರಳುದ್ದದ ದುರ್ಬೀನಿನಂತೆ ಇರುತ್ತದೆ. ಗಾಜಿನ ಮೇಲೆ ಒಂದು ಹನಿ ಬಿಟ್ಟು ಬೆಳಕಿಗೆ ಹಿಡಿದರೆ ಎಷ್ಟು ಡಿಗ್ರಿಗೆ ಹೆಪ್ಪುಗಟ್ಟುತ್ತದೆ ಎಂದು ಗೆರೆ ತೋರಿಸುತ್ತದೆ. ನಾನು ಪ್ರತಿ ಅಕ್ಟೋಬರ್‌ನಲ್ಲಿ ಮೊದಲ ಹಿಮ ಬೀಳುವ ಮುನ್ನ ನೋಡಿಸುತ್ತೇನೆ.

ಹಾವೇರಿ_ಟು_ಲೇಹ್
ಜನವರಿ 3, ಸಂಜೆ 6.30

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಗಟ್ಟಿ ಕೂಲಂಟ್ ಹುಡುಕಲು ಎರಡು ದಿನ ಬೇಕಾಯಿತು.

ಹೊಸ ವರ್ಷದ ದಿನ ಬೆಳಿಗ್ಗೆಯಿಂದ ಕಾರನ್ನು ಬಿಸಿಲಿಗೆ ನಿಲ್ಲಿಸಿದೆ. ಹತ್ತು ಗಂಟೆಗೆ ಕೆಳಗಿನ ಪೈಪ್ ಹಿಚುಕಿದರೆ ಕರಕರ ಸದ್ದು ಕೈಗೇ ತಿಳಿಯುತ್ತಿತ್ತು. ಒಂದೂವರೆಗೆ ಮೆತ್ತಗಾಯಿತು. ಹಳೆಯ ನೀರನ್ನು ಇಳಿಸಿದಾಗ ಹಸಿರಿನ ಜೊತೆ ಕೆಂಪು ಮಣ್ಣಿನಂತಹ ಗಷ್ಟು ಬಂತು. ಕ್ಯಾಪಿನ ರಬ್ಬರ್ ಎರಡು ಕಡೆ ಬಿರಿದಿತ್ತು. ಪಕ್ಕದ ಗ್ಯಾರೇಜಿನ ಲಡಾಖಿ ಹಿರಿಯರೊಬ್ಬರು ರಿಫ್ರಾಕ್ಟೋಮೀಟರ್ ತಂದು ಕೊಟ್ಟರು, ದುಡ್ಡು ತೆಗೆದುಕೊಳ್ಳಲಿಲ್ಲ. ಹಳೆಯ ನೀರಿನ ಒಂದು ಹನಿಗೆ ಗೆರೆ ಮೈನಸ್ 9ರಲ್ಲಿ ನಿಂತಿತು. ಸಾಹೇಬರೇ, ನೀವು ಬೈಲಹೊಂಗಲದಲ್ಲಿ ಕುಳಿತು ಹೇಳಿದ ಅಂಕಿಯೇ ಅದು. ಹೊಸದನ್ನು ತುಂಬಿ ಗಾಳಿ ತೆಗೆದ ಮೇಲೆ ನೋಡಿದರೆ ಮೈನಸ್ 42.

ನಿನ್ನೆ ಬೆಳಿಗ್ಗೆ ಮೈನಸ್ 18 ಇತ್ತು. ಬೆಲ್ಟ್ ಕಿರುಚಲಿಲ್ಲ. ಒಬ್ಬನೇ ಹೊರಟೆ. ಸ್ಪಿತುಕ್ ದಾಟುವಾಗ ಕಣ್ಣೆಲ್ಲ ಆ ದೀಪದ ಮೇಲೆಯೇ. ಫ್ಯಾಂಗ್ ತಿರುವು ಹೋಯಿತು, ಪತ್ಥರ್ ಸಾಹಿಬ್ ಗುರುದ್ವಾರ ಬಂತು. ಅಲ್ಲಿ ನಿಲ್ಲಿಸಿ ಕೆಳಗಿನ ಪೈಪ್ ಮುಟ್ಟಿದೆ. ಬೆಚ್ಚಗಿತ್ತು. ಅಲ್ಲೇ ಸ್ವಲ್ಪ ಹೊತ್ತು ಪೈಪ್ ಹಿಡಿದು ನಿಂತುಬಿಟ್ಟೆ. ನಿಮ್ಮೂ ಊರಿನವರೆಗೂ ಹೋಗಿ ಬಂದೆ, ದೀಪ ಉರಿಯಲಿಲ್ಲ.

ಒಂದೇ ಚಿಂತೆ. ಪತ್ರಿಕೆಯ ಮೇಲೆ ಇವತ್ತು ಬೆಳಿಗ್ಗೆ ರೇಡಿಯೇಟರ್‌ನ ಎಡಮೂಲೆಯ ಕೆಳಗೆ ಒಂದು ರೂಪಾಯಿ ನಾಣ್ಯದಷ್ಟು ಹಸಿರು ಕಲೆ ಇತ್ತು.

ನಿವೃತ್ತ_ಇಎಂಇ_ಬೈಲಹೊಂಗಲ
ಜನವರಿ 3, ರಾತ್ರಿ 7.10

ಆ ಕಲೆ ಅಲ್ಲಿನ ಕೊಳವೆ ಬಿರಿದಿರುವುದರ ಗುರುತು. ನಿನ್ನ ನೀರು ಎರಡು ಬೇಸಿಗೆ ಇಳಿದದ್ದೂ ಅಲ್ಲಿಂದಲೇ ಇರಬಹುದು, ಹಿಮ ಅದನ್ನು ಇನ್ನಷ್ಟು ತೆರೆದಿದೆ. ಸೋರಿಕೆ ನಿಲ್ಲಿಸುವ ಪುಡಿ ಹಾಕಬೇಡ, ಹೀಟರ್‌ನ ಸಣ್ಣ ಕೊಳವೆಗಳನ್ನು ಅದು ಕಟ್ಟಿಬಿಡುತ್ತದೆ. ಚಂಡೀಗಢದಿಂದ ಹೊಸ ರೇಡಿಯೇಟರ್ ತರಿಸಲು ಇವತ್ತೇ ಹೇಳು. ಅದು ಬರುವ ತನಕ ದಿನವೂ ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಕ್ಯಾಪ್ ತೆಗೆದು ರೇಡಿಯೇಟರ್‌ನ ಬಾಯಲ್ಲೇ ಮಟ್ಟ ನೋಡು, ಬಾಟಲಿ ನೋಡಿ ಸುಮ್ಮನಾಗಬೇಡ. ಕಡಿಮೆಯಾದರೆ ಹಾಕುವುದಕ್ಕೆ ಅರ್ಧಕ್ಕರ್ಧ ಬೆರೆಸಿದ ಒಂದು ಲೀಟರ್ ಡಿಕ್ಕಿಯಲ್ಲಿರಲಿ, ಡಬ್ಬಿಯ ಮೇಲೆ ವಿಷ ಎಂದು ದೊಡ್ಡದಾಗಿ ಬರೆದಿರಲಿ. ಹೊಸ ರೇಡಿಯೇಟರ್ ಕೂರಿಸಿ ಒಂದು ವಾರ ಪತ್ರಿಕೆ ಒಣಗಿದ್ದರೆ ಮಗಳನ್ನು ಕರೆದುಕೊಂಡು ಸಂಗಮಕ್ಕೆ ಹೋಗಿ ಬಾ. ಜನವರಿಯಲ್ಲಿ ಝಂಸ್ಕಾರ್ ಹೆಪ್ಪುಗಟ್ಟಿ ನಿಂತಿರುತ್ತದೆ, ಮಗು ನೋಡಲಿ.